ಗನ್‌ಮೆಟಲ್ ಬುಗುರಿ

ಯಶವಂತಪುರದಲ್ಲಿ ಆಗ ಗಡಿಯಾರವಿಲ್ಲದ ಮನೆಗಳು ಬೇಕಾದಷ್ಟಿದ್ದವು, ಹೊತ್ತು ಗೊತ್ತಿಲ್ಲದ ಮನೆ ಒಂದೂ ಇರಲಿಲ್ಲ. ಪಂಪ್ ಫ್ಯಾಕ್ಟರಿಯ ಸೈರನ್ ದಿನಕ್ಕೆ ಆರು ಸಲ ಕೂಗುತ್ತಿತ್ತು. ಮೊದಲನೆಯದಕ್ಕೆ ಹೆಂಗಸರು ಒಲೆ ಹೊತ್ತಿಸುತ್ತಿದ್ದರು, ಎರಡನೆಯದಕ್ಕೆ ಗಂಡಸರು ಸೈಕಲ್ ಏರುತ್ತಿದ್ದರು, ಮೂರನೆಯದಕ್ಕೆ ಮುನಿರಾಮಯ್ಯನ ವಠಾರದ ಮಕ್ಕಳು ಬಗಲಿಗೆ ಚೀಲ ಹಾಕಿಕೊಂಡು ಸ್ಕೂಲಿಗೆ ಓಡುತ್ತಿದ್ದರು. ಸಂಜೆ ಗಾಳಿ ಒಂದು ಕಡೆಯಿಂದ ಬೀಸಿದರೆ ಸೋಪಿನ ಕಾರ್ಖಾನೆಯ ಗಂಧದ ಪರಿಮಳ, ಇನ್ನೊಂದು ಕಡೆಯಿಂದ ಬೀಸಿದರೆ ರೈಲ್ವೆ ಗೂಡ್ಸ್ ಶೆಡ್ಡಿನ ಯೂರಿಯಾ ನಾತ. ಎರಡಕ್ಕೂ ಜನ ಮೂಗು ಒಗ್ಗಿಸಿಕೊಂಡಿದ್ದರು.

ಆ ಓಡುವ ಮಕ್ಕಳಲ್ಲಿ ಉಪೇಂದ್ರನೂ ಒಬ್ಬ. ಹತ್ತು ವರ್ಷ, ಐದನೇ ಕ್ಲಾಸು. ಅವನ ತಂದೆ ಸೇತುರಾಮ ಅದೇ ಫ್ಯಾಕ್ಟರಿಯ ಟೈಮ್ ಆಫೀಸಿನಲ್ಲಿ ಗುಮಾಸ್ತ, ಯಾರು ಎಷ್ಟು ಹೊತ್ತಿಗೆ ಒಳಗೆ ಬಂದರು ಎಂದು ಬರೆದುಕೊಳ್ಳುವ ಕೆಲಸ. ತಾಯಿ ಪಂಕಜಾ. ಪಕ್ಕದ ಮನೆಯ ಚಂದ್ರವ್ವ ಅವನದೇ ಕ್ಲಾಸಿನವಳು. ಇಬ್ಬರೂ ಜೊತೆಯಲ್ಲೇ ಹೋಗುತ್ತಿದ್ದರು. ಅವರ ಕ್ಲಾಸಿನ ರೆಹಾನಾಳ ಅಪ್ಪನ ಬಳೆ ಅಂಗಡಿ, ಪಂಕ್ಚರ್ ಹಾಕುವ ಸೈಕಲ್ ಶಾಪು, ಗಾಜಿನ ಜಾಡಿಗಳಲ್ಲಿ ಕಿತ್ತಳೆ ಪೆಪ್ಪರ್‌ಮೆಂಟು ಇಟ್ಟ ಕಾಕಾ ಅಂಗಡಿ, ಇವನ್ನೆಲ್ಲ ದಾಟಿ ತಿರುವಿನಲ್ಲಿ ಚಿಕ್ಕಮಾರಯ್ಯನ ಮರ ಕಡೆಯುವ ಅಂಗಡಿ. ತೊಟ್ಟಿಲ ಗುಂಡು, ಲಟ್ಟಣಿಗೆ, ಮಂಚದ ಕಾಲು ಮಾಡುತ್ತಿದ್ದ ಚಿಕ್ಕಮಾರಯ್ಯ ದಸರಾ ಹತ್ತಿರ ಬಂದರೆ ಕೆಂಪು ಹಸಿರು ಪಟ್ಟೆಯ ಬುಗುರಿಗಳನ್ನು ದಾರಕ್ಕೆ ಪೋಣಿಸಿ ತೂಗುಹಾಕುತ್ತಿದ್ದ. ಉಪೇಂದ್ರ ಅಲ್ಲಿ ಪ್ರತಿದಿನ ಎರಡು ನಿಮಿಷ ನಿಲ್ಲದೆ ಮುಂದೆ ಹೋಗುತ್ತಿರಲಿಲ್ಲ, ಚಂದ್ರವ್ವ ಅವನ ಚೀಲ ಹಿಡಿದು ಎಳೆಯಬೇಕಾಗಿತ್ತು.

ಚಂದ್ರವ್ವನ ಅಪ್ಪ ವೀರಬಸಪ್ಪ ಬೈಲಹೊಂಗಲದ ಕಡೆಯವನು. ಫ್ಯಾಕ್ಟರಿಯಲ್ಲಿ ಟರ್ನರ್, ಅಂದರೆ ಲೇತ್ ಮಿಷನ್ನಿನ ಮೇಲೆ ಲೋಹ ಕಡೆಯುವವನು. ದಪ್ಪ ಮೀಸೆ, ಸಣ್ಣ ದನಿ. ಅವನ ಹೆಂಡತಿ ಕಾಶವ್ವನ ದನಿ ಮಾತ್ರ ಸೈರನ್ನಿಗೆ ಸಮನಾಗಿತ್ತು, ಅವಳು ನಲ್ಲಿಯ ಹತ್ತಿರ ನಿಂತರೆ ವಠಾರದ ಉಳಿದ ಹೆಂಗಸರು ಕೊಡ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಆದರೆ ರೊಟ್ಟಿ ಬಡಿದ ದಿನ ಪಕ್ಕದ ಮನೆಗೆ ಎರಡು ಬಾರದೆ ಇರುತ್ತಿರಲಿಲ್ಲ. ಉಪೇಂದ್ರ ಬೆಳೆದದ್ದು ಅರ್ಧ ಅಮ್ಮನ ಹುಳಿಯಲ್ಲಿ, ಅರ್ಧ ಕಾಶವ್ವನ ಶೇಂಗಾ ಚಟ್ನಿಯಲ್ಲಿ.

ಆ ಕಾಲದಲ್ಲಿ ಫ್ಯಾಕ್ಟರಿಯವರ ಬಾಯಲ್ಲಿ ಒಂದು ಮಾತಿತ್ತು, 'ಅತ್ತೆಮನೆ ಕೆಲಸ' ಅಂತ. ಮೇಸ್ತ್ರಿ ಕಾಫಿಗೆ ಹೋದಾಗ ಬಿಸಾಡುವ ತುಂಡು ಲೋಹದಲ್ಲಿ ಮನೆಗೆ ಬೇಕಾದ್ದೊಂದನ್ನು ಸದ್ದಿಲ್ಲದೆ ಮಾಡಿಕೊಂಡು ಬುತ್ತಿ ಡಬ್ಬಿಯಲ್ಲಿ ತರುವುದಕ್ಕೆ ಇಟ್ಟಿದ್ದ ಹೆಸರು ಅದು. ಮುನಿರಾಮಯ್ಯನ ವಠಾರದಲ್ಲಿ ಅತ್ತೆಮನೆ ಕೆಲಸದ ಒಂದು ಸಾಮಾನೂ ಇಲ್ಲದ ಮನೆ ಇರಲಿಲ್ಲ. ಪಂಕಜಾಳ ಚಕ್ಕುಲಿ ಒರಳಿನ ಬಿಲ್ಲೆ ಅಲ್ಲಿಯದು, ಅವರ ಬಾಗಿಲಿನ ಹಿತ್ತಾಳೆ ಚಿಲಕ ಅಲ್ಲಿಯದು. ಗೇಟಿನಲ್ಲಿ ಎಲ್ಲರ ಜೇಬು ತಡವಿ ನೋಡುತ್ತಿದ್ದ ವಾಚ್‌ಮನ್ ಮುನಿಆಂಜಿನಪ್ಪನ ಮನೆಯ ಒಲೆ ಊದುವ ಕೊಳವೆಯೂ ಅಲ್ಲಿಯದೇ. ಇದನ್ನು ಕಳ್ಳತನ ಎಂದು ಯಾರೂ ಅಂದುಕೊಂಡಿರಲಿಲ್ಲ, ಹಾಗೆಂದು ಯಾರೂ ಬೀದಿಯಲ್ಲಿ ನಿಂತು ಹೇಳುತ್ತಲೂ ಇರಲಿಲ್ಲ.

ಎಪ್ಪತ್ತೈದನೇ ಇಸವಿಯ ಸೆಪ್ಟೆಂಬರಿನಲ್ಲಿ ಒಂದು ಸಂಜೆ ಉಪೇಂದ್ರ ಎರಡು ಹೋಳಾದ ಬುಗುರಿ ಹಿಡಿದುಕೊಂಡು ವಠಾರದ ಸೀಬೆ ಮರದ ಕೆಳಗೆ ಕೂತು ಅಳುತ್ತಿದ್ದ. ಬುಗುರಿ ಆಟದಲ್ಲಿ ಸೋತವನ ಬುಗುರಿಯನ್ನು ನೆಲದಲ್ಲಿಟ್ಟು ಗೆದ್ದವರು ತಮ್ಮ ಬುಗುರಿಯ ಮೊಳೆಯಿಂದ ಗುನ್ನ ಹೊಡೆಯುತ್ತಾರೆ. ರೈಲ್ವೆ ಕ್ವಾರ್ಟರ್ಸಿನ ಹುಡುಗರು ಹೊಡೆದ ಗುನ್ನಕ್ಕೆ ಚಿಕ್ಕಮಾರಯ್ಯನ ಬುಗುರಿ ಸೀಳಿಹೋಗಿತ್ತು. ಕೆಲಸದಿಂದ ಬಂದ ವೀರಬಸಪ್ಪ ಆ ಹೋಳುಗಳನ್ನು ಕೈಗೆ ತೆಗೆದುಕೊಂಡು, ಅಳತೆ ನೋಡುವವನ ಹಾಗೆ ಬೆರಳಲ್ಲಿ ತಿರುಗಿಸಿ ಒಳಗೆ ಹೋದ. ಒಂದು ವಾರ ಕಳೆದ ಮೇಲೆ ಬುತ್ತಿ ಡಬ್ಬಿಯ ತಳದಿಂದ ತೆಗೆದು ಹುಡುಗನ ಕೈಗಿಟ್ಟ.

ಗನ್‌ಮೆಟಲ್ ಬುಗುರಿ. ತಾಮ್ರ ತವರ ಬೆರೆತ ಗಟ್ಟಿ ಲೋಹ, ನಸುಗೆಂಪು ಬಣ್ಣ, ಕೈತುಂಬ ತೂಕ, ಮೈಮೇಲೆ ಕೂದಲೆಳೆಯ ಹಾಗೆ ಮೂರು ಗೆರೆ. ದಾರ ಸುತ್ತಿ ಬಿಟ್ಟರೆ ಅದು ತಿರುಗುತ್ತಿದೆಯೋ ನಿಂತಿದೆಯೋ ತಿಳಿಯುತ್ತಿರಲಿಲ್ಲ, ಕಿವಿಗೊಟ್ಟರೆ ಸಣ್ಣ ಗುಂಯ್ ಸದ್ದು. ಯಾವ ಮೊಳೆಯೂ ಅದಕ್ಕೆ ಗುನ್ನ ಹಾಕಲಾರದು. ಉಪೇಂದ್ರ ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದ. ಸ್ಕೂಲಿನಲ್ಲಿ ಅದುವರೆಗೆ ಅವನನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ಹುಡುಗರು ಅವನ ಹಿಂದೆ ಹಿಂದೆ ಸುತ್ತಿದರು. ದೊಡ್ಡವರಾದ ಮೇಲೆ ಇಂಥ ಮರ್ಯಾದೆಯೆಲ್ಲ ಎಷ್ಟು ಅಗ್ಗದ್ದು ಎಂದು ನಗಬಹುದು. ಹತ್ತು ವರ್ಷದ ಹುಡುಗನಿಗೆ ಅದಕ್ಕಿಂತ ದೊಡ್ಡ ಪದವಿ ಇರಲಿಲ್ಲ.

ಆಯುಧಪೂಜೆಯ ದಿನ ಫ್ಯಾಕ್ಟರಿಯ ಗೇಟು ಹೆಂಡತಿ ಮಕ್ಕಳಿಗೂ ತೆರೆಯುತ್ತಿತ್ತು. ವರ್ಷವೆಲ್ಲ ಎಣ್ಣೆ ಮಸಿಯಲ್ಲಿ ಮುಳುಗಿರುವ ಮಿಷನ್ನುಗಳು ಆ ದಿನ ಬಾಳೆಕಂಬ, ಚೆಂಡುಹೂವು ತೊಟ್ಟು ಮದುಮಕ್ಕಳಾಗುತ್ತಿದ್ದವು. ಪ್ರತಿಯೊಬ್ಬನೂ ತನ್ನ ತನ್ನ ಮಿಷನ್ನಿನ ಮುಂದೆ ಸ್ಪ್ಯಾನರು, ಅರ, ಮೈಕ್ರೋಮೀಟರು ಜೋಡಿಸಿ ಕುಂಕುಮ ಹಚ್ಚುವುದು, ವರ್ಕ್ಸ್ ಮ್ಯಾನೇಜರು ಸಾಲಾಗಿ ಬಂದು ಒಂದೊಂದಕ್ಕೂ ಮಂಗಳಾರತಿ ಎತ್ತುವುದು, ಕೊನೆಗೆ ಬೂದುಗುಂಬಳಕಾಯಿ ಒಡೆಯುವುದು, ಪೊಟ್ಟಣದಲ್ಲಿ ಲಾಡು ಖಾರ ಹಂಚುವುದು. ಟೈಮ್ ಆಫೀಸಿನಲ್ಲಿ ಪೂಜೆಗೆ ಒಂದು ಗೋಡೆ ಗಡಿಯಾರ, ಎರಡು ಮಸಿಕುಡಿಕೆ ಬಿಟ್ಟರೆ ಏನೂ ಇರಲಿಲ್ಲವಾದ್ದರಿಂದ ಉಪೇಂದ್ರ ಅಪ್ಪನನ್ನು ಅಲ್ಲೇ ಬಿಟ್ಟು ಚಂದ್ರವ್ವನ ಜೊತೆ ವೀರಬಸಪ್ಪನ ಲೇತಿನ ಹತ್ತಿರ ಹೋದ.

ಚಂದ್ರವ್ವ ತನ್ನ ಪುಸ್ತಕ ತಂದು ಅಪ್ಪನ ಸಾಮಾನಿನ ಪಕ್ಕ ಇಟ್ಟಳು. ಉಪೇಂದ್ರನಿಗೂ ತನ್ನದೊಂದು ಇಡಬೇಕೆನ್ನಿಸಿತು. ವೀರಬಸಪ್ಪ ಆರತಿ ತಟ್ಟೆಗೆ ಕರ್ಪೂರ ತರಲು ಹೋಗಿದ್ದಾಗ ಹುಡುಗ ಚಡ್ಡಿ ಜೇಬಿನಿಂದ ಬುಗುರಿ ತೆಗೆದು ಮೈಕ್ರೋಮೀಟರಿನ ಪಕ್ಕದಲ್ಲಿ ನಿಲ್ಲಿಸಿ, ಒಂದು ಬೊಟ್ಟು ಕುಂಕುಮ ಇಟ್ಟು, ಮೇಲೊಂದು ಚೆಂಡುಹೂವು ಏರಿಸಿದ. ಅದನ್ನು ಹುಟ್ಟಿಸಿದ ಮಿಷನ್ನಿಗೆ ಅದನ್ನು ತೋರಿಸದಿದ್ದರೆ ಹೇಗೆ ಎಂಬುದು ಅವನ ಭಕ್ತಿ.

ವೀರಬಸಪ್ಪ ಬರುವಷ್ಟರಲ್ಲಿ ಮ್ಯಾನೇಜರೂ ಬಂದಾಗಿತ್ತು. ಅವರ ಹಿಂದೆ ಪರ್ಸನೆಲ್ ಆಫೀಸರ್ ಸುಬ್ರಹ್ಮಣ್ಯ, ಅಚ್ಚುಕಟ್ಟಾಗಿ ತಲೆ ಬಾಚಿದ ಮನುಷ್ಯ. ಆತ ಬಗ್ಗಿ ಬುಗುರಿಯನ್ನು ಎತ್ತಿಕೊಂಡು, ಅಂಗೈಯಲ್ಲಿ ತೂಗಿ, ಇದು ಯಾರದಪ್ಪಾ ಎಂದು ನಗುತ್ತಾ ಕೇಳಿದ.

"ನಂದು ಸಾರ್. ಇದು ನನ್ನ ಆಯುಧ," ಅಂದ ಉಪೇಂದ್ರ. ಅಷ್ಟಕ್ಕೇ ನಿಲ್ಲಿಸಬಹುದಾಗಿತ್ತು. "ಮಾಮ ಇದೇ ಮಿಷನ್ನಲ್ಲಿ ಮಾಡ್ಕೊಟ್ರು ಸಾರ್. ಅಸಲಿ ಗನ್‌ಮೆಟಲ್."

ಸುತ್ತ ನಿಂತವರಲ್ಲಿ ಒಬ್ಬಿಬ್ಬರು ಕೆಮ್ಮಿದರು. ವೀರಬಸಪ್ಪ ಕರ್ಪೂರ ಹಿಡಿದು ನಿಂತಲ್ಲೇ ನಿಂತ. ಸುಬ್ರಹ್ಮಣ್ಯ ತುಂಬಾ ಚೆನ್ನಾಗಿದೆ ಎಂದು ಹುಡುಗನ ಕೆನ್ನೆ ತಟ್ಟಿ ಬುಗುರಿಯನ್ನು ಇದ್ದ ಜಾಗದಲ್ಲೇ ಇಟ್ಟ. ಹಬ್ಬದ ದಿನ, ದೇವರ ಮುಂದೆ, ಮಗುವಿನ ಕೈಯಿಂದ ಸಾಮಾನು ಕಿತ್ತುಕೊಳ್ಳುವಷ್ಟು ಒರಟ ಅವನಲ್ಲ. ಆರತಿ ಆಯಿತು, ಲಾಡು ಬಂತು. ಉಪೇಂದ್ರನಿಗೆ ಎರಡು ಪೊಟ್ಟಣ ಸಿಕ್ಕಿದವು.

ಹಬ್ಬ ಕಳೆದು ಗುರುವಾರ ಫ್ಯಾಕ್ಟರಿ ತೆರೆದಾಗ ವೀರಬಸಪ್ಪನನ್ನು ಗೇಟಿನಲ್ಲೇ ತಡೆದು ಸಸ್ಪೆಂಡ್ ಮಾಡಿದ ಕಾಗದ ಕೊಟ್ಟರು. ಎಮರ್ಜೆನ್ಸಿಯ ವರ್ಷ. ಯೂನಿಯನ್ನಿನವರು ತಮ್ಮ ಆಫೀಸಿಗೇ ಬೀಗ ಹಾಕಿಕೊಂಡು ಕೂತಿದ್ದ ಕಾಲ. ಅದಕ್ಕೆ ಹಿಂದಿನ ತಿಂಗಳು ಸ್ಟೋರ್ಸಿನಿಂದ ಪಂಪಿಗೆ ಹಾಕುವ ಮೂರು ಗನ್‌ಮೆಟಲ್ ಬುಷ್ಷುಗಳು ಕಾಣೆಯಾಗಿದ್ದವು, ಕದ್ದವನು ಸಿಕ್ಕಿರಲಿಲ್ಲ. ಸುಬ್ರಹ್ಮಣ್ಯ ವೀರಬಸಪ್ಪನನ್ನು ಕೂರಿಸಿಕೊಂಡು ವಿಷಯ ಬಿಡಿಸಿ ಹೇಳಿದ್ದ. ಬುಗುರಿ ತಂದುಕೊಡು, ತೂಗಿ ನೋಡುತ್ತೇವೆ. ಬಿಸಾಡುವ ತುಂಡಿನಿಂದ ಮಾಡಿದ್ದು ಅಂತ ಗೊತ್ತಾದರೆ ಒಂದು ವಾರ್ನಿಂಗ್ ಲೆಟರಿನಲ್ಲಿ ಮುಗಿಯುತ್ತದೆ. ತರದಿದ್ದರೆ ಅದನ್ನೂ ಬುಷ್ಷುಗಳನ್ನೂ ಗುಜರಿಗೆ ಹಾಕಿದವನು ನೀನೇ ಎಂದು ಬರೆಯಬೇಕಾಗುತ್ತದೆ. ಮುಂದಿನ ವಾರದ ಶುಕ್ರವಾರದವರೆಗೆ ಸಮಯ.

ಸುದ್ದಿ ಬಂದ ಸಂಜೆಯೇ ವಠಾರದಲ್ಲಿ ಅತ್ತೆಮನೆ ಕೆಲಸದ ಸಾಮಾನುಗಳೆಲ್ಲ ಮಾಯವಾದವು. ಸೇತುರಾಮ ಸ್ಕ್ರೂಡ್ರೈವರ್ ಹಿಡಿದು ತನ್ನ ಬಾಗಿಲಿನ ಚಿಲಕ ಬಿಚ್ಚಿ ಸೆಗಣಿ ಗುಂಡಿಗೆ ಹಾಕಿದ, ಆ ಬಾಗಿಲಿಗೆ ದೀಪಾವಳಿಯವರೆಗೂ ದಾರ ಕಟ್ಟಿಕೊಂಡರು. ಪಂಕಜಾ ಚಕ್ಕುಲಿ ಬಿಲ್ಲೆಯನ್ನು ಉಪ್ಪಿನ ಜಾಡಿಯಲ್ಲಿ ಹೂತಳು. ಫ್ಯಾಕ್ಟರಿಗೆ ಹೋಗಿ, ಇದನ್ನು ಎಲ್ಲರೂ ಮಾಡುತ್ತಾರೆ, ನಮ್ಮ ಮನೆಯಲ್ಲೂ ಇದೆ ಎಂದು ಹೇಳಬಹುದಾಗಿದ್ದ ಆರು ಗಂಡಸರು ಆ ವಠಾರದಲ್ಲಿದ್ದರು. ಆರೂ ಜನ ಅವತ್ತು ಬೇಗ ಊಟ ಮಾಡಿದರು.

ಮರುದಿನವೇ, ಶುಕ್ರವಾರ ಸಂಜೆ, ವೀರಬಸಪ್ಪ ಪಕ್ಕದ ಮನೆಗೆ ಬಂದು ಹೊಸ್ತಿಲಾಚೆ ಕುಕ್ಕುರುಗಾಲಲ್ಲಿ ಕೂತ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಮಗುವಿನ ಹತ್ತಿರ ಕೊಟ್ಟದ್ದನ್ನು ವಾಪಸು ಕೇಳುವ ನಾಚಿಕೆ ಇತ್ತು. "ತಮ್ಮಾ, ಆ ಬುಗುರಿ ಒಂದೀಟು ಕೊಡತಿಯೇನು? ಫ್ಯಾಕ್ಟರಿಯವ್ರು ನೋಡಬೇಕಂತ. ನಿನಗ ಬ್ಯಾರೆ ಮಾಡಿ ಕೊಡತೀನಿ," ಅಂದ.

ಭಾನುವಾರ ರೈಲ್ವೆ ಕ್ವಾರ್ಟರ್ಸಿನ ಹುಡುಗರ ಜೊತೆ ಪಂದ್ಯವಿತ್ತು. ಬುಗುರಿ ಬಚ್ಚಲ ಒಲೆಯ ಹಿಂದೆ ತೆಂಗಿನ ಗರಿಯ ರಾಶಿಯಲ್ಲಿತ್ತು. ಉಪೇಂದ್ರನ ಬಾಯಿ ಅವನನ್ನು ಕೇಳದೆಯೇ ಮಾತಾಡಿತು. ಬುಗುರಿ ಕಳೆದುಹೋಯಿತು ಅಂದ, ನಿನ್ನೆ ಮತ್ತಿಕೆರೆಯ ಕೆರೆ ಏರಿಯ ಮೇಲೆ ಆಡುವಾಗ ನೀರಿಗೆ ಬಿತ್ತು ಅಂದ. ಸೇತುರಾಮ ಕಣ್ಣು ಕೆಂಪಗೆ ಮಾಡಿ ನಿಜ ಹೇಳು ಎಂದಾಗ ಪಂಕಜಾಳ ತಲೆಯ ಮೇಲೆ ಕೈಯಿಟ್ಟು ತಾಯಾಣೆ ಎಂದೂ ಅಂದುಬಿಟ್ಟ. ಆಣೆ ಇಟ್ಟ ಮೇಲೆ ದೊಡ್ಡವರು ಇನ್ನೇನು ಕೇಳಬೇಕು. ಪಂಕಜಾ ಮಗನನ್ನು ಹತ್ತಿರ ಎಳೆದುಕೊಂಡು, "ಮಗು ಸುಳ್ಳು ಹೇಳಲ್ಲ ಕಣ್ರೀ," ಅಂದಳು.

ಮರುದಿನ ಬೆಳಿಗ್ಗೆ ವೀರಬಸಪ್ಪ ಅವನನ್ನು ಕರೆದುಕೊಂಡು ಕೆರೆಗೆ ಹೋದ. ಚಂದ್ರವ್ವ ಅಪ್ಪನ ಅಂಗಿ ಹಿಡಿದು ಏರಿಯ ಮೇಲೆ ನಿಂತಳು. ಮಳೆಗಾಲ ಆಗಷ್ಟೇ ಮುಗಿದು ಕೆರೆ ತುಂಬಿತ್ತು. ವೀರಬಸಪ್ಪ ಧೋತರ ಎತ್ತಿ ಕಟ್ಟಿ ತೊಡೆಮಟ್ಟದ ನೀರಿಗಿಳಿದು ಎಲ್ಲಿ ಎಂದು ಕೇಳಿದ. ಉಪೇಂದ್ರ ಕೈ ತೋರಿಸಿದ. ಅಲ್ಲಿ ಸಿಗಲಿಲ್ಲ. ಇನ್ನೂ ಸ್ವಲ್ಪ ಎಡಕ್ಕೆ ಎಂದ. ವೀರಬಸಪ್ಪ ಎಡಕ್ಕೆ ಹೋಗಿ, ಕಾಲ್ಬೆರಳಲ್ಲಿ ಕೆಸರು ತಡವಿ, ಆಮೇಲೆ ಭುಜದವರೆಗೂ ಮುಳುಗಿ ಕೈಯಾಡಿಸಿದ. ಒಮ್ಮೆ ಒಂದು ತಂಬಿಗೆ ಮುಚ್ಚಳ ಸಿಕ್ಕಿತು, ಒಮ್ಮೆ ಗಾಜು ಚುಚ್ಚಿ ರಕ್ತ ಬಂತು. ಬಟ್ಟೆ ಒಗೆಯಲು ಬಂದ ಹೆಂಗಸರು ಏನು ಹುಡುಕುತ್ತಿದ್ದೀರಿ ಎಂದು ಕೇಳಿದಾಗ ಬುಗುರಿ ಎಂದು ಹೇಳಲು ಅವನಿಗೆ ಸಂಕೋಚವಾಗಿ ಉಂಗುರ ಎಂದ. ಹನ್ನೆರಡರ ಸೈರನ್ ಕೂಗುವವರೆಗೂ ಹುಡುಕಿದರು. ಅಷ್ಟು ಹೊತ್ತೂ ಉಪೇಂದ್ರ ಬಲಕ್ಕೆ, ಎಡಕ್ಕೆ, ಇನ್ನೂ ಮುಂದಕ್ಕೆ ಎಂದು ಕೈ ತೋರಿಸುತ್ತಲೇ ಇದ್ದ.

ಭಾನುವಾರ ಅವನು ಪಂದ್ಯ ಗೆದ್ದ. ವಠಾರದ ಬೇರೆ ಹುಡುಗರು ದಸರಾ ರಜೆಗೆ ಊರುಗಳಿಗೆ ಹೋಗಿದ್ದರು, ಅವನ ಪಕ್ಷದಲ್ಲಿ ಆಡಿದ ಸ್ಕೂಲಿನ ಹುಡುಗರಿಗೆ ಬುಗುರಿ ಕಳೆದ ಕತೆಯಾಗಲಿ ಫ್ಯಾಕ್ಟರಿಯ ಕತೆಯಾಗಲಿ ಗೊತ್ತಿರಲಿಲ್ಲ. ರೈಲ್ವೆ ಮೈದಾನದಲ್ಲಿ ಗನ್‌ಮೆಟಲ್ ಬುಗುರಿ ಕ್ವಾರ್ಟರ್ಸಿನವರ ಬುಗುರಿಗಳನ್ನು ಒಂದೊಂದಾಗಿ ಸೀಳಿತು. ಹುಡುಗರು ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಮೈದಾನ ಸುತ್ತಿದರು.

ಪಂದ್ಯ ಮುಗಿದ ಮೇಲೆ ಬುಗುರಿ ಸಿಕ್ಕಿತು ಎಂದು ಹೇಳಿ ಕೊಟ್ಟುಬಿಡುವುದು ಅವನು ಮೊದಲೇ ಮಾಡಿಟ್ಟುಕೊಂಡಿದ್ದ ಹಂಚಿಕೆ. ಹೇಳಲು ಹೋದರೆ, ಎಲ್ಲಿ ಸಿಕ್ಕಿತು ಎಂದು ಕೇಳುತ್ತಾರೆ. ಕೆರೆಯ ವಿಷಯ ಬರುತ್ತದೆ, ಆಣೆಯ ವಿಷಯ ಬರುತ್ತದೆ. ಅಮ್ಮನ ತಲೆಯ ಮೇಲೆ ಕೈಯಿಟ್ಟು ಹೇಳಿದ ಸುಳ್ಳು ಹೊರಗೆ ಬಂದರೆ ಅಮ್ಮ ಸತ್ತೇಹೋಗುತ್ತಾಳೆಂದು ಅವನಿಗೆ ನಂಬಿಕೆಯಿತ್ತು. ಸೋಮವಾರ ನಾಳೆ ಅಂದುಕೊಂಡ, ಮಂಗಳವಾರ ನಾಳೆ ಅಂದುಕೊಂಡ. ಬುಧವಾರ ಮಧ್ಯಾಹ್ನ ಬುಗುರಿಯನ್ನು ಅಂಗಿಯೊಳಗೆ ಇಟ್ಟುಕೊಂಡು ಪಕ್ಕದ ಮನೆಯ ಬಾಗಿಲವರೆಗೂ ಹೋದ. ಬಾಗಿಲಿಗೆ ಹಳೆ ಸೀರೆಯ ಪರದೆ. ಒಳಗೆ ಮಾತಿಲ್ಲ, ಪಾತ್ರೆಯ ಸದ್ದಿಲ್ಲ. ಯಾರೂ ಇಲ್ಲ ಎಂದು ಮನಸ್ಸಿಗೆ ಹೇಳಿಕೊಂಡು, ಅದರಿಂದ ದೊಡ್ಡ ಸಮಾಧಾನ ಪಟ್ಟುಕೊಂಡು, ವಾಪಸು ಬಂದ.

ಶುಕ್ರವಾರ ವೀರಬಸಪ್ಪ ಬರಿಗೈಯಲ್ಲಿ ಹೋದ, ಕೆಲಸದಿಂದ ತೆಗೆದ ಕಾಗದ ಹಿಡಿದು ಬಂದ. ಕಾಗದದಲ್ಲಿ ಕಳ್ಳತನ ಎಂದೇ ಬರೆದಿತ್ತು, ಹಾಗಾಗಿ ಬೇರೆ ದೊಡ್ಡ ಫ್ಯಾಕ್ಟರಿಗಳ ಬಾಗಿಲೂ ಅವನಿಗೆ ಮುಚ್ಚಿದವು. ದೀಪಾವಳಿ ಕಳೆದ ಮೇಲೆ ಅವರು ಮನೆ ಖಾಲಿ ಮಾಡಿದರು. ಕೈಗಾಡಿಯ ಮೇಲೆ ಟ್ರಂಕು, ಕಲ್ಲಿನ ಒರಳು, ರೊಟ್ಟಿ ಬಡಿಯುವ ಮರದ ಕೊಣಮಿಗೆ. ಚಂದ್ರವ್ವ ಹಿಂದಿನಿಂದ ಗಾಡಿ ತಳ್ಳುತ್ತಿದ್ದಳು. ಎಲ್ಲಿಗೆ ಹೋಗುತ್ತಾರೆಂದು ಸೇತುರಾಮ ಕೇಳಲಿಲ್ಲ. ಬುಗುರಿಯನ್ನು ಉಪೇಂದ್ರ ಅದೇ ವಾರ ಮತ್ತಿಕೆರೆಯ ಕೆರೆಗೆ ಒಯ್ದು, ತಾನು ಕೈ ತೋರಿಸಿದ್ದ ಜಾಗದಲ್ಲೇ ಎಸೆದು ಬಂದ. ಆ ಕೆಲಸ ಮಾಡುವಾಗ ತನ್ನ ಸುಳ್ಳು ಇನ್ನು ಸುಳ್ಳಲ್ಲ ಎಂದು ಅವನಿಗೆ ಸ್ವಲ್ಪ ಹಗುರವೂ ಆಯಿತು. ಮುಂದೆ ಎಷ್ಟೋ ವರ್ಷಗಳ ಮೇಲೆ ಅವನನ್ನು ಎಲ್ಲಕ್ಕಿಂತ ಹೆಚ್ಚು ನಾಚಿಸಿದ್ದು ಆ ಹಗುರವೇ.

ಆಮೇಲೆ ಎಲ್ಲರ ಹಾಗೆ ಅವನೂ ಬೆಳೆದ. ಸೇತುರಾಮ ಆರ್.ಟಿ. ನಗರದಲ್ಲಿ ಸೈಟು ಕೊಂಡು ಮನೆ ಕಟ್ಟಿಸಿದ. ಉಪೇಂದ್ರ ಬಿ.ಕಾಂ. ಮಾಡಿ ಅಲ್ಲೇ ಹತ್ತಿರದ ಒಂದು ವಿಮಾ ಕಚೇರಿಗೆ ಸೇರಿದ. ಯಶವಂತಪುರದ ಹಳೆಯ ಗೆಳೆಯರು ಸಿಕ್ಕರೆ ಸ್ಕೂಲು, ಕಾಕಾ ಅಂಗಡಿ, ಸೈರನ್ನು ಎಂದು ಗಂಟೆಗಟ್ಟಲೆ ಹರಟುತ್ತಿದ್ದರು, ಯಾರಾದರೂ ಮಗಾ, ನಿನ್ನ ಆ ಬುಗುರಿ ಎಂದು ಶುರು ಮಾಡಿದರೆ ಅವನು ಕಾಫಿ ಹೇಳಲು ಎದ್ದು ಹೋಗುತ್ತಿದ್ದ. ಕಚೇರಿಯಲ್ಲಿ ಆಯುಧಪೂಜೆ ಇಟ್ಟುಕೊಂಡ ದಿನ ರಜೆ ಹಾಕುತ್ತಿದ್ದ.

ಎಂಬತ್ತೇಳರಲ್ಲಿ ಕಚೇರಿಗೆ ಬಾಗಲಕೋಟೆಯ ಕಾಶಿನಾಥ ಎಂಬುವನು ವರ್ಗವಾಗಿ ಬಂದ. ಬೆಂಗಳೂರಿನ ಅನ್ನ ಸಾರು ತಿಂದು ನಾಲಿಗೆ ಸತ್ತುಹೋಗಿದೆ ಎಂದು ದಿನಾ ಗೋಳಾಡುತ್ತಿದ್ದವನು ಒಂದು ದಿನ ಬಲು ಸಂಭ್ರಮದಿಂದ ಹೆಬ್ಬಾಳದಲ್ಲಿ ಒಂದು ಖಾನಾವಳಿ ಪತ್ತೆಮಾಡಿದ್ದೇನೆ ಎಂದು ಉಪೇಂದ್ರನನ್ನು ಮಧ್ಯಾಹ್ನದ ಊಟಕ್ಕೆ ಎಳೆದುಕೊಂಡು ಹೋದ. ಕೃಷಿ ಕಾಲೇಜಿನ ಹುಡುಗರು ಉಣ್ಣುವ ಜಾಗ. ಶೀಟಿನ ಮಾಡು, ನಾಲ್ಕು ಬೆಂಚು. ಒಳಗೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಹೆಂಗಸು ಯಾರಿಗೋ ಸಾರು ಹಾಕೆಂದು ಕೂಗಿದಳು. ಮುಖ ನೋಡುವ ಮೊದಲೇ ಉಪೇಂದ್ರನಿಗೆ ದನಿ ಗೊತ್ತಾಯಿತು.

ಅವತ್ತು ಅವನು ತಲೆ ತಗ್ಗಿಸಿ ಉಂಡು ಓಡಿಬಂದ. ಒಂದು ವಾರ ಕಾಶಿನಾಥನಿಗೆ ಏನೇನೋ ನೆವ ಹೇಳಿದ. ಹನ್ನೆರಡು ವರ್ಷ ಎದೆಯಲ್ಲಿ ಇಟ್ಟುಕೊಂಡದ್ದನ್ನು ಒಂದು ಸಲ ಬಾಯಿಬಿಟ್ಟು ಹೇಳಿ, ಬೈಸಿಕೊಂಡು, ಬೇಕಾದರೆ ಕಾಲು ಹಿಡಿದು ಮುಗಿಸಿಬಿಡಬೇಕೆಂದು ಕೊನೆಗೆ ಗಟ್ಟಿ ಮನಸ್ಸು ಮಾಡಿ, ಊಟದ ಗದ್ದಲ ಮುಗಿಯುವ ಮೂರು ಗಂಟೆಯ ಹೊತ್ತಿಗೆ ಒಬ್ಬನೇ ಹೋದ.

ಕಾಶವ್ವ ಒಲೆಯ ಮುಂದೆ ಕೊನೆಯ ನಾಲ್ಕು ರೊಟ್ಟಿ ಬಡಿಯುತ್ತಿದ್ದಳು. ಕೂದಲು ಅರ್ಧ ನೆರೆತಿತ್ತು. ಅವನು ಎದುರಿಗೆ ನಿಂತು ತಾನು ಯಾರೆಂದು ಹೇಳಲು ಬಾಯಿ ತೆರೆದರೆ ಅವಳೇ, ಹೋದ ವಾರ ಬಂದಿದ್ದೆಯಲ್ಲ, ಆಗಲೇ ಗುರುತು ಸಿಕ್ಕಿತು, ಕೂತುಕೋ ಎಂದಳು. ಅವನು ಮೊದಲು ವೀರಬಸಪ್ಪನ ಸಮಾಚಾರ ಕೇಳಿದ. ಪೀಣ್ಯದಲ್ಲಿ ಒಂದು ಸಣ್ಣ ಶೆಡ್ಡಿನಲ್ಲಿ ಹನ್ನೆರಡು ತಾಸಿನ ಪಾಳಿ, ಈಗಲೂ ಲೇತೇ, ಬೆಳಿಗ್ಗೆ ಹೋದರೆ ರಾತ್ರಿ ಊಟಕ್ಕೇ ಬರುವುದು ಎಂದಳು. ಆಮೇಲೆ ಉಪೇಂದ್ರ ಬೆಂಚಿನ ಅಂಚಿನಲ್ಲಿ ಕೂತು, ನೆಲ ನೋಡುತ್ತಾ, ಆ ಬುಗುರಿ ಕೆರೆಗೆ ಬಿದ್ದಿರಲಿಲ್ಲ ಎಂದು ಶುರು ಮಾಡಿದ.

"ಗೊತ್ತೈತಿ," ಅಂದಳು ಕಾಶವ್ವ.

ಅವಳ ಕೈ ಹಿಟ್ಟು ತಟ್ಟುವುದನ್ನು ನಿಲ್ಲಿಸಲಿಲ್ಲ. ಆ ಭಾನುವಾರ ವೀರಬಸಪ್ಪ ಜೋಳ ತರಲು ಸಂತೆಗೆ ಹೋದವನು ರೈಲ್ವೆ ಮೈದಾನದ ಬೇಲಿಯ ಹತ್ತಿರ ಹುಡುಗರ ಗದ್ದಲ ಕೇಳಿ ನಿಂತಿದ್ದ. ಆಟ ಮುಗಿಯುವವರೆಗೂ ನಿಂತು ನೋಡಿ ಮನೆಗೆ ಬಂದು, ಹುಡುಗ ಗೆದ್ದ ಎಂದು ಹೆಂಡತಿಗೆ ಹೇಳಿದ. ಕಾಶವ್ವ ಈಗಲೇ ಹೋಗಿ ಕಸಿದುಕೊಂಡು ಬಾ, ಇಲ್ಲದಿದ್ದರೆ ನಾನು ಹೋಗುತ್ತೇನೆ ಎಂದು ಎದ್ದಳು. ಅವನು ಬಾಗಿಲಿಗೆ ಅಡ್ಡ ಕೂತ.

"ಏನಂದ್ರು ಗೊತ್ತೇನು? ತಾಯಿ ತಲಿ ಮ್ಯಾಲ ಕೈ ಇಟ್ಟ ಕೂಸದು. ನಾವು ಹೋಗಿ ಹಿಡದ್ರ ಜನ್ಮಾ ಪೂರ್ತಿ ಸುಳ್ಳ ಅನ್ನಿಸಿಕೊಂತೈತಿ. ತಾನ ತಂದು ಕೊಡತಾನ ತಡಿ, ಅಂದ್ರು. ಸೋಮವಾರ ಕಾದ್ವಿ. ಮಂಗಳವಾರ ಕಾದ್ವಿ. ಬುಧವಾರ ನೀ ಬಾಗಲಕ ಬಂದಿ. ಪರದೆ ಕೆಳಗ ನಿನ್ನ ಕಾಲು ಕಾಣತಿದ್ವು. ನನ್ನ ಬಾಯಿಗೆ ಕೈ ಒತ್ತಿ ಹಿಡಿದ್ರು, ಮಾತಾಡಬ್ಯಾಡ, ಅಂಜಿ ಓಡತಾನ ಅಂತ. ನಾವು ಉಸರು ಹಿಡಕೊಂಡು ಕುಂತಿದ್ವಿ. ನೀ ಹೊಳ್ಳಿ ಹೋದಿ."

ಯಾರಿಗೂ ಗೊತ್ತಿಲ್ಲ ಎಂಬ ಒಂದೇ ಆಸರೆಯ ಮೇಲೆ ಉಪೇಂದ್ರ ಹನ್ನೆರಡು ವರ್ಷ ಒಳ್ಳೆಯವನಾಗಿ ಓಡಾಡಿಕೊಂಡಿದ್ದ. ಹೇಳಲೆಂದು ತಂದ ಮಾತು ಯಾವುದೂ ಈಗ ಕೆಲಸಕ್ಕೆ ಬರುವಂತಿರಲಿಲ್ಲ. ಪೀಣ್ಯಕ್ಕೆ ಹೋಗಿ ಮಾಮನನ್ನು ನೋಡಿ ಕಾಲಿಗೆ ಬೀಳುತ್ತೇನೆ ಎಂದ.

"ಹೋಗಬ್ಯಾಡ," ಅಂದಳು ಕಾಶವ್ವ. "ನೀ ಹೋದ್ರ ಅವ್ರಿಗೆ ಖುಷಿ ಆಗತೈತಿ. ಚಾ ಕುಡಸ್ತಾರ, ಹೆಗಲ ಮ್ಯಾಲ ಕೈ ಹಾಕತಾರ. ಅದನ್ನ ನಾ ತಡಕೊಳ್ಳಾಕ ಆಗಂಗಿಲ್ಲ." ಹೆಂಚಿನ ಮೇಲಿನ ರೊಟ್ಟಿ ಮಗುಚಿ, "ಚಂದ್ರಿಗೆ ಇದ್ಯಾವುದೂ ಗೊತ್ತಿಲ್ಲ. ಆಕಿ ಮುಂದ ಬಾಯಿ ಬಿಡಬ್ಯಾಡ. ಆ ಓಣಿ, ಆ ಸಾಲಿ ಅಂದ್ರ ಈಗ್ಲೂ ಆಕಿಗೆ ಜೀವ. ಅದೊಂದರ ಇರ್ಲಿ," ಎಂದಳು.

ಹೊರಗೆ ಸೈಕಲ್ ನಿಂತ ಸದ್ದಾಯಿತು. ಹಾಸ್ಟೆಲುಗಳಿಗೆ ಬುತ್ತಿ ಕೊಟ್ಟು ಖಾಲಿ ಡಬ್ಬಿಗಳನ್ನು ಎರಡೂ ಕೈಯಲ್ಲಿ ಹಿಡಿದು ಚಂದ್ರವ್ವ ಒಳಗೆ ಬಂದಳು. ಬಿಸಿಲಿಗೆ ಮುಖ ಕೆಂಪಾಗಿತ್ತು, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. ಇವರ್ಯಾರು ಎಂದು ತಾಯಿಯನ್ನು ಕೇಳಿದಳು. ಮುನಿರಾಮಯ್ಯನ ವಠಾರದ ಉಪೇಂದ್ರ, ನಿನ್ನ ನೋಡಿ ಹೋಗಾಕ ಬಂದಾನ, ಎಂದಳು ಕಾಶವ್ವ, ದನಿಯಲ್ಲಿ ಏನೂ ಇಲ್ಲದೆ.

ಚಂದ್ರವ್ವ ಡಬ್ಬಿಗಳನ್ನು ಅಲ್ಲೇ ಕೆಳಗಿಟ್ಟು ಅವನೆದುರು ಬೆಂಚಿನ ಮೇಲೆ ಕೂತುಬಿಟ್ಟಳು. ಮೇಷ್ಟ್ರುಗಳ ಹೆಸರು ಕೇಳಿದಳು, ರೆಹಾನಾಳ ಮದುವೆ ಎಲ್ಲಿಗಾಯಿತು ಎಂದು ಕೇಳಿದಳು, ಕಾಕಾ ಅಂಗಡಿ ಇನ್ನೂ ಇದೆಯೇ ಎಂದಳು. ಒಂದಕ್ಕೂ ಉತ್ತರ ಪೂರ್ತಿಯಾಗುವಷ್ಟು ತಾಳ್ಮೆ ಅವಳಿಗಿರಲಿಲ್ಲ. ಐದನೇ ಕ್ಲಾಸಿನ ಅರ್ಧಕ್ಕೆ ಓದೇ ನಿಂತುಹೋದ ಅವಳಿಗೆ ಆ ಸ್ಕೂಲಿನ ಒಂದೊಂದು ಬೆಂಚೂ ನೆನಪಿತ್ತು. ಆಮೇಲೆ ಮುಂದಕ್ಕೆ ಬಗ್ಗಿ, ಬಹಳ ದಿನದಿಂದ ತಿಳಿಯಬೇಕೆಂದಿದ್ದುದನ್ನು ಕೇಳುವವಳ ಹಾಗೆ ಕೇಳಿದಳು.

"ಒಂದನೇ ಇಯತ್ತೆಯಿಂದ ಕ್ಲಾಸಿನ್ಯಾಗ ನಂದ ಫಸ್ಟ್ ನಂಬರ ಇತ್ತಲ್ಲ. ನಾ ಸಾಲಿ ಬಿಟ್ಟ ಮ್ಯಾಲ ಯಾರ ಫಸ್ಟ್ ಬರತಿದ್ರೋ?"

ಒಲೆಯ ಮುಂದೆ ಕಾಶವ್ವನ ಕೈ ನಿಂತಿತು. ಉಪೇಂದ್ರ ಏನು ಹೇಳಿದರೂ ನಡೆಯುತ್ತಿತ್ತು, ಯಾವ ಹೆಸರು ಹೇಳಿದರೂ ಅವಳು ನಂಬುತ್ತಿದ್ದಳು. ಅವನಿಗೆ ಇನ್ನೊಂದು ಸುಳ್ಳು ಹೇಳುವ ಶಕ್ತಿ ಇರಲಿಲ್ಲ.

"ನಾನೇ," ಅಂದ.

ಚಂದ್ರವ್ವ ಮುಖ ಅರಳಿಸಿ ನಕ್ಕಳು. "ಹೌದೇನು? ಚಲೋ ಆತು ಬಿಡು, ಬ್ಯಾರೆ ಯಾರರ ಬಂದಾರೇನೋ ಅಂತ ತಿಳಕೊಂಡಿದ್ದೆ," ಎಂದು ತಾಯಿಯ ಕಡೆ ತಿರುಗಿ ಇವನಿಗೆ ಊಟಕ್ಕೆ ಕೊಡು ಎಂದಳು. ಕಾಶವ್ವ ಎದ್ದು ಬಂದು ಬಿಸಿ ರೊಟ್ಟಿಯ ತಟ್ಟೆಯನ್ನು ಅವನ ಮುಂದಿಟ್ಟಳು, ಮುಖ ನೋಡಲಿಲ್ಲ. ಉಪೇಂದ್ರ ತಲೆ ಎತ್ತದೆ ತಿನ್ನತೊಡಗಿದ.